ಗೋಡೆ ಪಕ್ಕ ರೊಪ್ಪ ಕಟ್ಟಿದ್ರೆ? ಗಣಿತದ ಕ್ಲಾಸು ಉತ್ತರಿಸದೆ ಬಿಟ್ಟ ಪ್ರಶ್ನೆ

ಕಳೆದ ವರ್ಷ ಅತಿಥಿ ಶಿಕ್ಷಕರ ಬಗ್ಗೆ ಒಂದು ಸ್ಟೋರಿ ಮಾಡೋಕೆ ಅಂತ ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆ. ನಾನು ಮಾತಾಡಿಸಬೇಕಿದ್ದ ಮೇಷ್ಟ್ರು ಆ ಹೊತ್ತಿಗೆ ಏಳನೇ ಕ್ಲಾಸಿಗೆ ಗಣಿತ ತಗೊಂಡಿದ್ದರು. "ಪೀರಿಯಡ್ ಮುಗಿಯೋವರೆಗೂ ಹಿಂದೆ ಕೂತಿರಿ ಸರ್" ಅಂದರು. ಕೂತೆ.

ಬೋರ್ಡಿನ ಮೇಲಿದ್ದ ಲೆಕ್ಕ ಇಷ್ಟೇ. ರೈತನೊಬ್ಬನ ಹತ್ತಿರ 20 ಮೀಟರ್ ಬೇಲಿ ಇದೆ. ಅದರಲ್ಲಿ ಚೌಕಾಕಾರದ ಕುರಿ ರೊಪ್ಪ ಕಟ್ಟಿದರೆ ವಿಸ್ತೀರ್ಣ ಎಷ್ಟು? 20 ಭಾಗಿಸು 4, ಒಂದು ಬಾಹು 5 ಮೀಟರ್. ಐದೈದ್ಲಿ ಇಪ್ಪತ್ತೈದು. 25 ಚದರ ಮೀಟರ್. ಮಕ್ಕಳೆಲ್ಲ ರಾಗವಾಗಿ ಹೇಳಿ ಮುಗಿಸಿದರು.

ಆಗ ಕಿಟಕಿ ಪಕ್ಕದ ಹುಡುಗ ಎದ್ದು ನಿಂತ. "ಸಾ, ಗ್ವಾಡೆ ಪಕ್ಕ ಕಟ್ಟಿದ್ರೆ ಇನ್ನೂ ಜಾಸ್ತಿ ಕುರಿ ಹಿಡಿಯಲ್ವಾ?"

ಮೇಷ್ಟ್ರು ಬೋರ್ಡಿನ ಕಡೆ ಕೈ ತೋರಿಸಿದರು. "ಪ್ರಶ್ನೇಲಿ ಗೋಡೆ ಇದ್ಯೇನೋ?" ಕ್ಲಾಸು ಗೊಳ್ಳೆಂದಿತು. ಹುಡುಗನೂ ನಕ್ಕು ಕೂತ. ಮುಂದಿನ ಲೆಕ್ಕ ಶುರುವಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ಕೈಗೆ ಮೊದಲು ಬಂದಿದ್ದು ಕ್ಯಾಲ್ಕುಲಸ್. ಒಂದು ಕಡೆ ಗೋಡೆ, ಮೂರು ಕಡೆ ಬೇಲಿ. ಗೋಡೆಯಿಂದ ಹೊರಕ್ಕೆ ಬರುವ ಎರಡು ಬದಿಗಳು x ಅಂದುಕೊಂಡರೆ ಗೋಡೆಗೆ ಸಮಾನಾಂತರವಾದ ಬದಿ 20 ಮೈನಸ್ 2x. ಗುಣಿಸಿ, ಡಿಫರೆನ್ಷಿಯೇಟ್ ಮಾಡಿ, ಸೊನ್ನೆಗೆ ಸಮ ಮಾಡಿದೆ. x ಅಂದರೆ 5. ರೊಪ್ಪ 5 ಮೀಟರ್ ಅಗಲ, 10 ಮೀಟರ್ ಉದ್ದ. ವಿಸ್ತೀರ್ಣ 50. ಅದೇ 20 ಮೀಟರ್ ಬೇಲಿ, ಆದರೆ ಕುರಿಗೆ ಸಿಗೋ ಜಾಗ ಸರಿಯಾಗಿ ಎರಡು ಪಟ್ಟು!

ಎರಡು ಗೋಡೆ ಸೇರುವ ಮೂಲೆಯಲ್ಲಿ ಕಟ್ಟಿದರೆ? ಬೇಲಿ ಬೇಕಾಗೋದು ಎರಡೇ ಕಡೆ. 10 ಇಂಟು 10, ಅಂದರೆ 100.

25, 50, 100. ಇದು ಕಾಕತಾಳೀಯ ಇರೋಕೆ ಸಾಧ್ಯವಿಲ್ಲ ಅನ್ನಿಸಿತು. ಕ್ಯಾಲ್ಕುಲಸ್ ನನಗೆ ಉತ್ತರ ಕೊಟ್ಟಿತ್ತು, ಯಾಕೆ ಅಂತ ಹೇಳಿರಲಿಲ್ಲ. ಊರು ಹತ್ತಿರ ಬರೋ ಹೊತ್ತಿಗೆ ಹೊಳೀತು: ಗೋಡೆಯನ್ನ ಕನ್ನಡಿ ಅಂದುಕೊಳ್ಳಿ. ಕನ್ನಡಿಯೊಳಗೂ ಒಂದು ರೊಪ್ಪ ಕಾಣುತ್ತೆ. ಎರಡೂ ಸೇರಿದರೆ 40 ಮೀಟರ್ ಬೇಲಿಯ ದೊಡ್ಡ ರೊಪ್ಪ. 40 ಮೀಟರಿಗೆ ಅತಿ ಹೆಚ್ಚು ಜಾಗ ಕೊಡುವ ಆಯತ 10 ಇಂಟು 10ರ ಚೌಕ, ವಿಸ್ತೀರ್ಣ 100. ಅದರಲ್ಲಿ ಅರ್ಧ ನಮ್ಮದು, 50. ಮೂಲೆಯಲ್ಲಿ ಎರಡು ಕನ್ನಡಿ. ಒಟ್ಟು 80 ಮೀಟರ್ ಬೇಲಿ, 20 ಇಂಟು 20ರ ಚೌಕ, 400. ಅದರಲ್ಲಿ ಕಾಲು ಭಾಗ, 100. ಡಿಫರೆನ್ಷಿಯೇಷನ್ ಬೇಡ, x ಬೇಡ. ಏಳನೇ ಕ್ಲಾಸಿನ ಹುಡುಗನಿಗೆ ಅರ್ಥ ಆಗುವಂಥದ್ದು.

ಇಂಥ ಒಂದು ಪ್ರಶ್ನೆಯನ್ನ ನನ್ನ ಹದಿನಾರು ವರ್ಷದ ಓದಿನಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಗಣಿತದಲ್ಲಿ ನನಗೆ ಯಾವಾಗಲೂ ಒಳ್ಳೆ ಮಾರ್ಕ್ಸ್ ಬರ್ತಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ.

ಸೃಜನಶೀಲತೆ ಅಂದ್ರೆ ಇಲ್ಲಿ ಏನು?

ಸೃಜನಶೀಲತೆ ಅಂದ ಕೂಡಲೇ ನಮಗೆ ಕವಿತೆ, ಪೇಂಟಿಂಗ್, ರಂಗೋಲಿ ನೆನಪಾಗುತ್ತೆ. ಗಣಿತ ಅಂದರೆ ಸರಿ–ತಪ್ಪು, ನಡುವೆ ಏನೂ ಇಲ್ಲ. ಈ ವಿಂಗಡಣೆಯೇ ತಪ್ಪು ಅಂತ ಸಂಶೋಧಕರು ಬಹಳ ಕಾಲದಿಂದ ಹೇಳ್ತಿದ್ದಾರೆ. 1950ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೆ.ಪಿ. ಗಿಲ್ಫೋರ್ಡ್, ಅಲ್ಲಿನ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷ ಭಾಷಣದಲ್ಲಿ, ನಾವು ಬುದ್ಧಿವಂತಿಕೆ ಅಳೆಯೋದರಲ್ಲೇ ಮುಳುಗಿದ್ದೇವೆ, ಸೃಜನಶೀಲತೆಯನ್ನ ಮರೆತಿದ್ದೇವೆ ಅನ್ನೋ ವಾದ ಮುಂದಿಟ್ಟರು. ಆ ದಾರಿಯಲ್ಲಿ ಬೆಳೆದ ಕೆಲಸದಿಂದ ಮೂರು ಅಳತೆಗೋಲು ಗಣಿತ ಶಿಕ್ಷಣಕ್ಕೂ ಬಂದವು. ಒಂದು ಸಮಸ್ಯೆಗೆ ಮಗು ಎಷ್ಟು ದಾರಿ ಹುಡುಕುತ್ತೆ, ಆ ದಾರಿಗಳು ಒಂದಕ್ಕೊಂದು ಎಷ್ಟು ಬೇರೆ, ಅವುಗಳಲ್ಲಿ ಬೇರೆ ಯಾರಿಗೂ ಹೊಳೆಯದ್ದು ಇದೆಯಾ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ರೋಜಾ ಲೈಕಿನ್ ಅವರಂಥವರು ಮಕ್ಕಳಿಗೆ ಒಂದೇ ಲೆಕ್ಕ ಕೊಟ್ಟು, ಸಾಧ್ಯವಾದಷ್ಟು ದಾರಿಯಲ್ಲಿ ಬಿಡಿಸಿ ಅಂತ ಕೇಳಿ ಇದನ್ನ ಅಳೀತಾರೆ.

ಒಂದು ಉದಾಹರಣೆ ನೀವೇ ಮಾಡಿ ನೋಡಿ. 7/8 ದೊಡ್ಡದೋ, 8/9 ದೊಡ್ಡದೋ?

ನಮ್ಮಲ್ಲಿ ಮುಕ್ಕಾಲುವಾಸಿ ಜನ ಲ.ಸಾ.ಅ. ತೆಗೀತಾರೆ. ಛೇದ 72, ಒಂದು ಕಡೆ 63, ಇನ್ನೊಂದು ಕಡೆ 64, ಹಾಗಾಗಿ 8/9 ದೊಡ್ಡದು. ಕೆಲವರು ಅಡ್ಡ ಗುಣಿಸ್ತಾರೆ. ಅದು ಅದೇ ದಾರಿಯ ಒಳದಾರಿ. ಇನ್ನು ಕೆಲವರು ದಶಮಾಂಶ ಮಾಡ್ತಾರೆ, 0.875 ಮತ್ತು 0.888. ನನ್ನ ಅಕ್ಕನ ಮಗಳು, ಆರನೇ ಕ್ಲಾಸು, ಪೆನ್ನೇ ಮುಟ್ಟಲಿಲ್ಲ. "ಮಾಮ, ಎರಡರಲ್ಲೂ ಒಂದೊಂದು ಚೂರು ಕಮ್ಮಿ ಇದೆ. ಎಂಟು ಚೂರು ಮಾಡಿದ ರೊಟ್ಟೀಲಿ ಒಂದು ಚೂರು ಹೋದ್ರೆ ದೊಡ್ಡ ಚೂರು ಹೋಯ್ತು. ಒಂಬತ್ತು ಮಾಡಿದ್ದರಲ್ಲಿ ಸಣ್ಣ ಚೂರು ಹೋಯ್ತು. ಅದಕ್ಕೇ ಅದು ದೊಡ್ಡದು." ಈ ದಾರಿಯಲ್ಲಿ 99/100 ಮತ್ತು 100/101 ಕೂಡ ಒಂದೇ ಉಸಿರಿಗೆ ಮುಗಿಯುತ್ತೆ. ಲ.ಸಾ.ಅ. ದಾರಿಯಲ್ಲಿ 10,100ರ ಛೇದ ಇಟ್ಕೊಂಡು ಒದ್ದಾಡಬೇಕು.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಸೃಜನಶೀಲತೆ ಅಂದರೆ 'ಏನು ಬರೆದರೂ ಸರಿ' ಅಲ್ಲ. ರೊಟ್ಟಿ ಚೂರಿನ ವಾದ ಗಣಿತವಾಗಿ ಪಕ್ಕಾ ಇದೆ, ಅದಕ್ಕೇ ಅದು ಸೃಜನಶೀಲ. ಎರಡನೆಯದು, ಸೃಜನಶೀಲತೆ ಅಂದರೆ ವಾಟ್ಸಾಪಿನಲ್ಲಿ ಓಡಾಡೋ '5 ಸೆಕೆಂಡಿನಲ್ಲಿ ಗುಣಾಕಾರ' ಟ್ರಿಕ್ಕುಗಳೂ ಅಲ್ಲ. ವೇದಗಣಿತದ ಹೆಸರಲ್ಲಿ ಶಾಲೆಗಳಿಗೆ ಮಾರಾಟವಾಗೋದು ಬಹುಪಾಲು ಇದೇ ಸರಕು. ಆ ಸೂತ್ರಗಳು ವೇದದಲ್ಲಿ ಇಲ್ಲ, 1965ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿವೆ ಅನ್ನೋ ಜಗಳ ಬದಿಗಿಡೋಣ. ನನ್ನ ತಕರಾರು ಬೇರೆ. ಒಂದು ವಿಧಾನ ಬಾಯಿಪಾಠ ಮಾಡಿಸುವ ಜಾಗದಲ್ಲಿ ಇನ್ನೊಂದನ್ನ ಬಾಯಿಪಾಠ ಮಾಡಿಸಿದರೆ ಮಗುವಿನ ತಲೆಯೊಳಗೆ ಏನು ಬದಲಾಯಿತು? ಯಾಕೆ ಹೀಗೆ ಅಂತ ಅಲ್ಲೂ ಯಾರೂ ಕೇಳಲ್ಲ.

ಹಡಗಿನ ಕ್ಯಾಪ್ಟನ್‌ಗೆ ವಯಸ್ಸೆಷ್ಟು?

1979–80ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಶಿಕ್ಷಣದ ಸಂಶೋಧಕರು ಏಳೆಂಟು ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು. ಒಂದು ಹಡಗಿನಲ್ಲಿ 26 ಕುರಿ, 10 ಆಡು ಇವೆ. ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಕೊಟ್ಟಿದ್ದ ಸಂಖ್ಯೆಗಳನ್ನೇ ಬಳಸಿ ಉತ್ತರ ಬರೆದರು. 26ಕ್ಕೆ 10 ಕೂಡಿಸಿದರೆ 36. ಕ್ಯಾಪ್ಟನ್‌ಗೆ ಒಪ್ಪುವ ವಯಸ್ಸು ತಾನೇ! 2018ರಲ್ಲಿ ಚೀನಾದ ಒಂದು ಜಿಲ್ಲೆಯ ಐದನೇ ತರಗತಿ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದು ಇಂಟರ್ನೆಟ್ ತುಂಬ ಗಲಾಟೆಯಾಯಿತು. ಮಕ್ಕಳು ವಿಮರ್ಶಾತ್ಮಕವಾಗಿ ಯೋಚಿಸ್ತಾರಾ ನೋಡೋಕೆ ಕೊಟ್ಟಿದ್ದು ಅಂತ ಶಿಕ್ಷಣಾಧಿಕಾರಿಗಳು ಸಮಜಾಯಿಷಿ ಕೊಟ್ಟರು.

ಇದನ್ನ ಓದಿದ ತಕ್ಷಣ 'ಈಗಿನ ಮಕ್ಕಳಿಗೆ ತಲೆಯೇ ಓಡಲ್ಲ' ಅನ್ನೋದು ಸುಲಭ. ಆದರೆ ಮಕ್ಕಳು ತಲೆ ಓಡಿಸಿದ್ದಾರೆ. ಶಾಲೆಯಲ್ಲಿ ಕೊಡುವ ಪ್ರತಿ ಲೆಕ್ಕಕ್ಕೂ ಉತ್ತರ ಇದ್ದೇ ಇರುತ್ತೆ, ಕೊಟ್ಟ ಸಂಖ್ಯೆ ಎಲ್ಲವನ್ನೂ ಬಳಸಬೇಕು, ಕೊಡದೇ ಇದ್ದದ್ದನ್ನ ತರಬಾರದು. ಇದನ್ನ ಯಾರೂ ಬಾಯಿಬಿಟ್ಟು ಹೇಳಿಕೊಡಲ್ಲ, ಮಕ್ಕಳು ತಾವಾಗೇ ಕಂಡುಕೊಳ್ಳೋ ನಿಯಮ ಇದು. ಫ್ರೆಂಚ್ ಗಣಿತ ಶಿಕ್ಷಣತಜ್ಞ ಗೀ ಬ್ರೂಸೋ ಇದನ್ನ ಮೇಷ್ಟ್ರು–ಮಕ್ಕಳ ನಡುವಿನ ಬರೆಯದ ಒಪ್ಪಂದ ಅಂತ ನೋಡಿದರು. ನಮ್ಮ ರೊಪ್ಪದ ಹುಡುಗ ಆ ಒಪ್ಪಂದ ಮುರಿದ. ಪ್ರಶ್ನೆಯಲ್ಲಿ ಇಲ್ಲದ ಗೋಡೆ ತಂದ. ಕ್ಲಾಸು ನಕ್ಕಿದ್ದು ಅದಕ್ಕೆ.

ಒಪ್ಪಂದದ ಜೊತೆಗೆ ಅಭ್ಯಾಸಬಲವೂ ಸೇರುತ್ತೆ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ಅನ್ನೋ ಮನೋವಿಜ್ಞಾನಿ ನೀರಿನ ಜಾಡಿಗಳ ಪ್ರಯೋಗ ಪ್ರಕಟಿಸಿದರು. 21, 127, 3 ಅಳತೆಯ ಮೂರು ಜಾಡಿಗಳಿಂದ 100 ಅಳೀಬೇಕು. ದೊಡ್ಡದು ತುಂಬಿಸಿ, ನಡುವಿನದನ್ನ ಒಂದು ಸಲ, ಸಣ್ಣದನ್ನ ಎರಡು ಸಲ ತೆಗೆದರೆ ಆಯ್ತು. ಇದೇ ಥರದ ಲೆಕ್ಕ ನಾಲ್ಕೈದು ಮಾಡಿಸಿದ ಮೇಲೆ 23, 49, 3ರಿಂದ 20 ಅಳೆಯಿರಿ ಅಂತ ಕೊಟ್ಟರು. ಹಳೇ ಸೂತ್ರ ಇಲ್ಲೂ ನಡೆಯುತ್ತೆ: 49ರಲ್ಲಿ 23 ಕಳೆದು, ಎರಡು ಸಲ 3 ಕಳೆಯೋದು. ಆದರೆ 23ರಲ್ಲಿ 3 ಕಳೆದರೆ ಮುಗೀತಲ್ಲ! ಅಭ್ಯಾಸ ಮಾಡಿದವರಲ್ಲಿ ಹೆಚ್ಚಿನವರಿಗೆ ಇದು ಕಾಣಲೇ ಇಲ್ಲ. ಅಭ್ಯಾಸ ಮಾಡದೆ ನೇರವಾಗಿ ಈ ಲೆಕ್ಕಕ್ಕೆ ಬಂದವರಿಗೆ ಸಲೀಸಾಗಿ ಕಂಡಿತು.

ಈ ಪ್ರಯೋಗದ ಬಗ್ಗೆ ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಸಿಇಟಿ ಕೋಚಿಂಗು. ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ಅಷ್ಟರಲ್ಲಿ ಯಾರೂ ಯೋಚಿಸಲ್ಲ, ಗುರುತು ಹಿಡೀತಾರೆ ಅಷ್ಟೇ. ಇದು ಯಾವ ಟೈಪು, ಅದಕ್ಕೆ ಯಾವ ಫಾರ್ಮುಲಾ, ಬಬಲ್ ತುಂಬು, ಮುಂದಕ್ಕೆ ಹೋಗು. ಎರಡು ವರ್ಷ ನಾನು ಮಾಡಿದ್ದು ಟೈಪುಗಳ ದಾಸ್ತಾನು. ಸೀಟು ಸಿಕ್ಕಿತು. ಇಂಜಿನಿಯರಿಂಗ್‌ನ ಎಂ–3ಯಲ್ಲಿ ಲಾಪ್ಲಾಸ್ ಟ್ರಾನ್ಸ್‌ಫಾರ್ಮಿನ ಟೇಬಲ್ ಪೂರ್ತಿ ಬಾಯಿಪಾಠ ಇತ್ತು. ಅದು ಯಾವ ಕೆಲಸಕ್ಕೆ ಅಂತ ಕೇಳಿದ್ದರೆ ಬ್ಬೆಬ್ಬೆಬ್ಬೆ ಅಂತಿದ್ದೆ. ನನ್ನ ಬ್ಯಾಚಿನಲ್ಲಿ ಅಂಥವನು ನಾನೊಬ್ಬನೇ ಆಗಿರಲಿಲ್ಲ.

ಯಾರ ಲೆಕ್ಕ ಲೆಕ್ಕಕ್ಕಿದೆ

ಇಷ್ಟು ಹೊತ್ತು ಮಾತಾಡಿದ್ದು ತಲೆಯೊಳಗಿನ ವಿಷಯ. ಆದರೆ ಇದರಲ್ಲಿ ರಾಜಕೀಯವೂ ಇದೆ. ಅದು ನನಗೆ ಮನವರಿಕೆಯಾಗಿದ್ದು ಬೀದಿ ವ್ಯಾಪಾರ ಮಾಡೋ ಮಕ್ಕಳ ಮೇಲಿನ ಎರಡು ಅಧ್ಯಯನ ಓದಿದಾಗ.

ಮೊದಲನೆಯದು ಬ್ರೆಜಿಲಿನ ರೆಸಿಫೆ ನಗರದ್ದು, 1985ರಲ್ಲಿ ಪ್ರಕಟವಾಗಿದ್ದು. ತೆರೆಜಿನ್ಯಾ ನೂನೆಸ್, ಡೇವಿಡ್ ಕ್ಯಾರಹರ್ ಮತ್ತು ಅನಲೂಸಿಯಾ ಶ್ಲೀಮನ್ ಅನ್ನೋ ಸಂಶೋಧಕರು ಬೀದಿಯಲ್ಲಿ ವ್ಯಾಪಾರ ಮಾಡೋ 9ರಿಂದ 15 ವರ್ಷದ ಐದು ಮಕ್ಕಳ ಹತ್ತಿರ ಗಿರಾಕಿಗಳಂತೆ ಹೋದರು. 12 ವರ್ಷದ ಹುಡುಗನೊಬ್ಬ ತೆಂಗಿನಕಾಯಿ ಮಾರ್ತಿದ್ದ, ಒಂದಕ್ಕೆ 35 ಕ್ರುಜೇರೊ. ಹತ್ತಕ್ಕೆ ಎಷ್ಟು ಅಂತ ಕೇಳಿದರು. ಹುಡುಗ 35ರ ಮುಂದೆ ಸೊನ್ನೆ ಹಾಕಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನೂ ನಾಲ್ಕು ಬೇಕು, 315, ಆಮೇಲೆ 350 ಅಂತ ಕಟ್ಟಿಕೊಂಡು ಹೋದ. ಸಂತೆಯಲ್ಲಿ ಈ ಮಕ್ಕಳು ಕೊಟ್ಟ ಉತ್ತರಗಳಲ್ಲಿ ಶೇ. 98 ಸರಿ. ಆಮೇಲೆ ಅವೇ ಲೆಕ್ಕಗಳನ್ನ ಪೆನ್ಸಿಲು–ಪೇಪರು ಕೊಟ್ಟು, ಶಾಲೆಯಲ್ಲಿ ಇರೋ ಹಾಗೆ ಬರೀ ಅಂಕಿಗಳಲ್ಲಿ ಕೇಳಿದಾಗ ಸರಿಯಾಗಿದ್ದು ಶೇ. 37.

ಐದೇ ಮಕ್ಕಳು, ದೂರದ ಬ್ರೆಜಿಲ್ ಅನ್ನಬಹುದು. ಎರಡನೆಯದು ನಮ್ಮ ದೇಶದ್ದೇ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳು. ತರಕಾರಿ ತೂಕ, ರೇಟು, ಚಿಲ್ಲರೆ, ಎಲ್ಲವನ್ನೂ ಬಾಯಲ್ಲೇ ಸರಿಯಾಗಿ ಲೆಕ್ಕ ಹಾಕ್ತಾರೆ. ಅಷ್ಟೇ ಕಷ್ಟದ, ಕೆಲವೊಮ್ಮೆ ಅದಕ್ಕಿಂತ ಸುಲಭದ ಲೆಕ್ಕವನ್ನ ಶಾಲೆಯ ರೂಪದಲ್ಲಿ ಬರೆದುಕೊಟ್ಟರೆ ಆಗಲ್ಲ.

ಆದರೆ ಆ ಅಧ್ಯಯನದ ಇನ್ನೊಂದು ಅರ್ಧ ಹೆಚ್ಚು ಜನ ಗಮನಿಸಲಿಲ್ಲ. ಅಕ್ಕಪಕ್ಕದ ಶಾಲೆಗಳಲ್ಲಿ ಓದುವ, ವ್ಯಾಪಾರ ಮಾಡಿ ಗೊತ್ತಿಲ್ಲದ 471 ಮಕ್ಕಳನ್ನೂ ಪರೀಕ್ಷಿಸಿದ್ದರು. ಬರಹದ ಸರಳ ಲೆಕ್ಕದಲ್ಲಿ ಇವರು ಮುಂದು. ಆದರೆ ಕೆಲಸ ಮಾಡೋ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಬಿಡಿಸಿದ ಒಂದು ಸಂತೆ ಲೆಕ್ಕವನ್ನ ಇವರಲ್ಲಿ ಸರಿಯಾಗಿ ಬಿಡಿಸಿದ್ದು ಶೇ. 1 ಮಾತ್ರ. ಅಂದರೆ ಶಾಲೆ ಬೀದಿಯ ಮಕ್ಕಳನ್ನ ದಡ್ಡರು ಅಂತ ಹೊರಗಿಡ್ತಿದೆ, ಒಳಗಿಟ್ಟುಕೊಂಡ ಮಕ್ಕಳಿಗೂ ಕಲಿಸ್ತಿಲ್ಲ. ಬೀದಿಯ ಲೆಕ್ಕವನ್ನ ರಮ್ಯವಾಗಿ ನೋಡೋಕೂ ಇಲ್ಲಿ ಜಾಗವಿಲ್ಲ. ಬೀಜಗಣಿತಕ್ಕೆ ಹೋಗಬೇಕಾದರೆ ಆ ಮಕ್ಕಳಿಗೆ ಬರಹದ ಗಣಿತ ಬೇಕೇ ಬೇಕು. ಈ ಎರಡರ ನಡುವೆ ಸೇತುವೆ ಕಟ್ಟೋದು ಯಾರ ಕೆಲಸ ಅನ್ನೋದು ಪ್ರಶ್ನೆ.

ಕನ್ನಡದಲ್ಲಿ ಈ ಸೇತುವೆಯ ನೆನಪು ಹಳೆಯದು. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥದ ಹೆಸರೇ 'ವ್ಯವಹಾರಗಣಿತ'. ನಮ್ಮ ಪಠ್ಯದಲ್ಲಿ ರೈತ, ವ್ಯಾಪಾರಿ, ಬಡಗಿ ಈಗಲೂ ಬರ್ತಾರೆ. ಆದರೆ ರೈತನ ಹೆಸರಲ್ಲಿ ಬರೆದ ಲೆಕ್ಕದೊಳಗೆ ರೈತನ ಮಗ ತನ್ನ ಮನೆಯ ಗೋಡೆ ತಂದರೆ ಅದು ಔಟ್ ಆಫ್ ಸಿಲಬಸ್.

ಮೇಷ್ಟ್ರನ್ನ ಬೈಯೋಕೆ ಮುಂಚೆ

ಆ ದಿನ ಕ್ಲಾಸ್ ಮುಗಿದ ಮೇಲೆ ಮೇಷ್ಟ್ರೇ ವಿಷಯ ತೆಗೆದರು. "ಆ ಹುಡುಗ ಹೇಳಿದ್ದು ಸರಿ ಸರ್, ನಂಗೂ ಗೊತ್ತು. ಅವರ ಮನೇಲಿ ಕುರಿ ಇದಾವೆ, ರೊಪ್ಪ ಗೋಡೆ ಪಕ್ಕನೇ ಇರೋದು. ಅದನ್ನ ಹಿಡ್ಕೊಂಡು ಹೋದ್ರೆ ಇಡೀ ಪೀರಿಯಡ್ ಬೇಕು. ನಂಗೆ ಈ ಪಾಠ ಶುಕ್ರವಾರ ಮುಗೀಬೇಕು. ಮಧ್ಯಾಹ್ನ ಮೊಟ್ಟೆ–ಬಾಳೆಹಣ್ಣಿನ ಲೆಕ್ಕ ಬೇರೆ ಬರೀಬೇಕು. ಹೋದ ವರ್ಷ ನಾನು ಬೇರೆ ಸ್ಕೂಲಲ್ಲಿದ್ದೆ, ಬರೋ ವರ್ಷ ಎಲ್ಲಿರ್ತೀನೋ ಗೊತ್ತಿಲ್ಲ."

ಆತನದ್ದು ನೆಪ ಅಂತ ನನಗೆ ಅನ್ನಿಸಲಿಲ್ಲ. ಮಗು ಬೇರೆ ದಾರಿ ಹಿಡಿದಾಗ ಅದು ಸರಿಯೋ ತಪ್ಪೋ ಅಂತ ಸ್ಥಳದಲ್ಲೇ ತೂಗೋಕೆ ಮೇಷ್ಟ್ರಿಗೆ ವಿಷಯದ ಮೇಲೆ ಹಿಡಿತ ಬೇಕು, ಸಮಯ ಬೇಕು, 'ನಂಗೂ ಗೊತ್ತಿಲ್ಲ ಕಣ್ರೋ, ನೋಡೋಣ' ಅನ್ನೋ ಧೈರ್ಯ ಬೇಕು. ವರ್ಷ ವರ್ಷ ನೇಮಕವಾಗೋ ಅತಿಥಿ ಶಿಕ್ಷಕನಿಂದ ಇದನ್ನೆಲ್ಲ ಕೇಳೋದು ಸ್ವಲ್ಪ ಜಾಸ್ತಿಯಾಯ್ತು.

ಮೇಲೆ ಹೋದಂತೆ ದಾರಿ ಇನ್ನೂ ಕಿರಿದಾಗುತ್ತೆ. ನಮ್ಮಲ್ಲಿ 1990ರ ದಶಕದಲ್ಲಿ ಎಚ್.ಡಿ. ಕೋಟೆಯಿಂದ ಶುರುವಾದ ನಲಿ–ಕಲಿ, ಮಕ್ಕಳು ಗುಂಪಿನಲ್ಲಿ ಮಾಡ್ತಾ ಕಲಿಯೋ ಪದ್ಧತಿ, ಮೂರನೇ ಕ್ಲಾಸಿಗೆ ಮುಗಿಯುತ್ತೆ. ಆಮೇಲೆ ಸಾಲು ಬೆಂಚು, ನೋಟ್ಸು. ಎಸ್ಸೆಸ್ಸೆಲ್ಸಿ ಹೊತ್ತಿಗೆ 'ಪಾಸಿಂಗ್ ಪ್ಯಾಕೇಜ್'. ಗೊತ್ತಿಲ್ಲದವರಿಗೆ: ಖಚಿತವಾಗಿ ಬರುವ ಒಂದಷ್ಟು ಪ್ರಮೇಯ, ಒಂದು ಗ್ರಾಫು, ಒಂದೆರಡು ರಚನೆ ಉರು ಹೊಡೆಸಿ ಪಾಸ್ ಅಂಕ ದಾಟಿಸೋ ಕಿರುಪುಸ್ತಕ. ಥೇಲ್ಸ್ ಪ್ರಮೇಯದ ಸಾಧನೆಯನ್ನ ಪದ್ಯದ ಥರ ಕಂಠಪಾಠ ಮಾಡಿದ ಹುಡುಗಿಯೊಬ್ಬಳಿಗೆ ನಾನು ತ್ರಿಭುಜದ ಹೆಸರನ್ನ ಎಬಿಸಿ ಬದಲು ಪಿಕ್ಯೂಆರ್ ಅಂತ ಬದಲಿಸಿ ಕೊಟ್ಟೆ. ಅಲ್ಲಿಗೇ ನಿಂತುಹೋಯಿತು.

ಪ್ಯಾಕೇಜ್ ಮಾಡೋರನ್ನೂ ಸುಲಭವಾಗಿ ಬೈಯೋಕಾಗಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಯಾವ ಜಿಲ್ಲೆ ಫಸ್ಟು, ಯಾವುದು ಲಾಸ್ಟು ಅನ್ನೋ ಪಟ್ಟಿ ಟಿವಿಯಲ್ಲಿ ಓಡುತ್ತೆ. ಕೊನೇ ಸ್ಥಾನದ ಜಿಲ್ಲೆಯ ಅಧಿಕಾರಿ ಮೇಷ್ಟ್ರನ್ನ ಕೇಳೋದು ಪರ್ಸೆಂಟೇಜು. ಮಕ್ಕಳು ಎಷ್ಟು ದಾರಿಯಲ್ಲಿ ಲೆಕ್ಕ ಬಿಡಿಸಿದರು ಅಂತ ಯಾರೂ ಕೇಳಲ್ಲ. ನಾವೂ ಅಷ್ಟೇ. ಪಾಸ್ ಅಂಕ 35 ಇರಬೇಕೋ 33 ಇರಬೇಕೋ ಅಂತ ವಾರಗಟ್ಟಲೆ ಜಗಳ ಆಡ್ತೀವಿ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆ ವಿರುದ್ಧ ಬೀದಿಗಿಳಿದವರಲ್ಲಿ ನಾನೂ ಇದ್ದೆ, ಇಳಿಯಲೇಬೇಕಿತ್ತು. ಅದು ಸಮಾಜ ಮತ್ತು ಕನ್ನಡ ಪುಸ್ತಕಗಳ ಜಗಳ. ಗಣಿತದ ಪುಸ್ತಕವನ್ನ ಯಾರೂ ತೆರೆದು ನೋಡಲಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಎಸ್ಸೆಸ್ಸೆಲ್ಸಿ ಗಣಿತದ ಮಾದರಿ ಉತ್ತರಗಳಲ್ಲಿ 'ಪರ್ಯಾಯ ವಿಧಾನ' ಅಂತ ಕೆಲವು ಲೆಕ್ಕಗಳಿಗೆ ಎರಡನೇ ದಾರಿ ಕೊಟ್ಟಿರ್ತಾರೆ. ನೀತಿಯ ಮಟ್ಟದಲ್ಲೂ ಕೊರತೆ ಇಲ್ಲ. ಎನ್‌ಸಿಎಫ್ 2005ರ ಭಾಗವಾಗಿ ಗಣಿತಜ್ಞ ಆರ್. ರಾಮಾನುಜಂ ಅಧ್ಯಕ್ಷತೆಯ ತಂಡ ಬರೆದ ಗಣಿತ ಬೋಧನೆಯ ದಾಖಲೆ, ಹೇಳಿಕೊಟ್ಟ ಒಂದೇ ವಿಧಾನದಿಂದ ಸಿಗುವ ಒಂದೇ ಸರಿ ಉತ್ತರದ ದಬ್ಬಾಳಿಕೆಯಿಂದ ಶಾಲಾ ಗಣಿತವನ್ನ ಬಿಡಿಸಬೇಕು ಅಂತ ಇಪ್ಪತ್ತು ವರ್ಷದ ಹಿಂದೆಯೇ ಹೇಳಿದೆ. ಮಗುವಿನ ಯೋಚನೆಯೇ ಗಣಿತೀಯವಾಗಬೇಕು ಅನ್ನೋದು ಅದರ ಗುರಿ. ಓದಿದರೆ ಖುಷಿಯಾಗುತ್ತೆ. ಆದರೆ ಮುಂದಿನ ಪರೀಕ್ಷೆ ಹಳೇ ಥರವೇ ಇದ್ದರೆ ಕ್ಲಾಸಿನಲ್ಲಿ ಗೆಲ್ಲೋದು ಪರೀಕ್ಷೆ, ದಾಖಲೆ ಅಲ್ಲ.

ಒಂದು ಪೀರಿಯಡ್ಡು, ಒಂದೇ ಲೆಕ್ಕ

ಜಪಾನಿನಲ್ಲಿ 1970ರ ದಶಕದಲ್ಲಿ ಶಿಗೇರು ಶಿಮಾಡಾ ಮತ್ತು ಅವರ ಜೊತೆಗಾರರು ಒಂದೇ ಸರಿ ಉತ್ತರ ಇರದಂಥ ತೆರೆದ ಲೆಕ್ಕಗಳನ್ನ ಕ್ಲಾಸಿಗೆ ತಂದು ನೋಡಿದರು. ಅಲ್ಲಿನ ಪ್ರಾಥಮಿಕ ಶಾಲೆಗಳ ಒಳ್ಳೆಯ ಗಣಿತ ಪಾಠದಲ್ಲಿ ಇಡೀ ಪೀರಿಯಡ್ಡಿಗೆ ಒಂದೇ ಲೆಕ್ಕ ಇರುತ್ತೆ. ಮೇಷ್ಟ್ರು ವಿಧಾನ ಹೇಳಿಕೊಡಲ್ಲ. ಮಕ್ಕಳು ಒದ್ದಾಡ್ತಾರೆ, ಮೇಷ್ಟ್ರು ಬೆಂಚುಗಳ ನಡುವೆ ಓಡಾಡ್ತಾ ಯಾರು ಯಾವ ದಾರಿ ಹಿಡಿದರು ಅಂತ ನೋಡಿಟ್ಟುಕೊಳ್ತಾರೆ. ಆಮೇಲೆ ಆರಿಸಿದ ಮೂರ್ನಾಲ್ಕು ದಾರಿ, ಕೆಲವೊಮ್ಮೆ ತಪ್ಪು ದಾರಿ ಕೂಡ, ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲಿ ಬರುತ್ತೆ. ಪಾಠ ಮುಗಿಯೋವರೆಗೂ ಅಳಿಸಲ್ಲ. ಅವನ್ನ ಹೋಲಿಸಿ ಚರ್ಚೆ ಮಾಡೋ ಹಂತಕ್ಕೆ ಅವರು 'ನೆರಿಆಗೆ' ಅಂತಾರೆ, ಹಿಟ್ಟು ನಾದೋದು ಅನ್ನೋ ಪದದಿಂದ ಬಂದಿದ್ದು. ಕ್ಲಾಸಿನಲ್ಲಿ ಮೂವತ್ತು, ಮೂವತ್ತೈದು ಮಕ್ಕಳು ಅಲ್ಲೂ ಇರ್ತಾರೆ. ಹಾಗಾಗಿ 'ನಮ್ಮಲ್ಲಿ ಮಕ್ಕಳು ಜಾಸ್ತಿ' ಅನ್ನೋದು ಪೂರ್ತಿ ಉತ್ತರ ಅಲ್ಲ. ಅಲ್ಲಿನ ಮೇಷ್ಟ್ರುಗಳು ಒಟ್ಟಿಗೆ ಕೂತು ಒಂದು ಪಾಠ ಕಟ್ಟಿ, ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂತು ನೋಡಿ, ತಿದ್ದುವ ಪದ್ಧತಿ ಇದೆ. ಅದು ಕೆಲಸದ ಸಮಯದಲ್ಲೇ ನಡೆಯೋ ಕೆಲಸ. ನಮ್ಮಲ್ಲಿ ಆ ಹೊತ್ತನ್ನ ಡೇಟಾ ಎಂಟ್ರಿ ತಿಂದುಹಾಕ್ತಿದೆ.

ಈ ಲೇಖನದ ಬಗ್ಗೆ ಹೇಳಿದಾಗ ಗೆಳೆಯನೊಬ್ಬ ಕೇಳಿದ ಪ್ರಶ್ನೆ ನಿಮ್ಮ ತಲೆಯಲ್ಲೂ ಬಂದಿರಬಹುದು. "ಐದನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರನೇ ಬರಲ್ಲ ಅಂತ ಅಸರ್ ವರದಿ ಹೇಳುತ್ತೆ. ನೀನು ಸೃಜನಶೀಲತೆ ಅಂತೀಯಲ್ಲೋ. ಮೊದಲು ಮಗ್ಗಿ ಬರಲಿ."

ಮಗ್ಗಿ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ವಿಸ್ತೀರ್ಣ ಅಂದರೆ ಏನು ಅಂತಲೇ ಗೊತ್ತಿಲ್ಲದಿದ್ದರೆ ಆ ಹುಡುಗ ಗೋಡೆಯ ಪ್ರಶ್ನೆ ಕೇಳ್ತಿರಲಿಲ್ಲ. ಆದರೆ ಮೊದಲು ಮಗ್ಗಿ, ಆಮೇಲೆ ಯೋಚನೆ ಅನ್ನೋ ಸರದಿ ನನಗೆ ಒಪ್ಪಿಗೆ ಇಲ್ಲ. ಏಳೆಂಟ್ಲಿ ಎಷ್ಟು ಅಂತ ಮರೆತ ಇಬ್ಬರು ಮಕ್ಕಳನ್ನ ನೆನೆಸಿಕೊಳ್ಳಿ. ಒಬ್ಬಳು ಮೊದಲಿಂದ ರಾಗ ಹಾಕಿ ಏಳೊಂದ್ಲಿ ಏಳು ಅಂತ ಶುರು ಮಾಡ್ತಾಳೆ, ನಡುವೆ ತಪ್ಪಿದರೆ ಮುಗೀತು. ಇನ್ನೊಬ್ಬಳು ಏಳೇಳ್ಲಿ ನಲವತ್ತೊಂಬತ್ತು, ಇನ್ನೊಂದು ಏಳು, ಐವತ್ತಾರು ಅಂತಾಳೆ. ಎರಡನೆಯವಳಿಗೆ ಮಗ್ಗಿ ಬೇಗ ನೆನಪಲ್ಲಿ ಕೂರುತ್ತೆ, ಯಾಕಂದರೆ ಒಂದಕ್ಕೊಂದು ಗಂಟು ಹಾಕ್ಕೊಂಡಿದ್ದಾಳೆ. ಯೋಚನೆ ಮಗ್ಗಿಯ ಜೊತೆಗೇ ನಡೀತಿದೆ. ಮೇಷ್ಟ್ರು ಕೇಳಬೇಕಾದ್ದು ಇಷ್ಟೇ: "ಹೆಂಗೆ ಬಂತು ಹೇಳು? ಬೇರೆ ಥರ ಯಾರು ಮಾಡಿದ್ರಿ?" ಇದಕ್ಕೆ ಕಿಟ್ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಬೇಕಾಗಿರೋದು ಐದು ನಿಮಿಷ, ಮತ್ತು ಆ ಐದು ನಿಮಿಷವನ್ನ ಮೇಷ್ಟ್ರಿಂದ ಕಿತ್ತುಕೊಳ್ಳದ ಒಂದು ವ್ಯವಸ್ಥೆ.

ಪರೀಕ್ಷೆಯಲ್ಲೂ ಒಂದು ಸಣ್ಣ ಬದಲಾವಣೆ ಸಾಧ್ಯ. ಪ್ರತಿ ಗಣಿತ ಪೇಪರಿನಲ್ಲಿ ಒಂದೇ ಒಂದು ಪ್ರಶ್ನೆ, ಐದು ಅಂಕ, 'ಎರಡು ಬೇರೆ ಬೇರೆ ವಿಧಾನದಲ್ಲಿ ಬಿಡಿಸಿ' ಅಂತ ಇರಲಿ. ಪ್ಯಾಕೇಜಿನೋರು ಮಾರನೇ ವರ್ಷವೇ ಅದಕ್ಕೂ ಎರಡು ರೆಡಿಮೇಡ್ ವಿಧಾನ ಅಚ್ಚು ಹಾಕ್ತಾರೆ, ಗೊತ್ತು. ಹಾಗಿದ್ದರೂ ಲೆಕ್ಕಕ್ಕೆ ಎರಡು ದಾರಿ ಇರುತ್ತೆ ಅನ್ನೋದಾದರೂ ಎಂಟು ಲಕ್ಷದಷ್ಟು ಮಕ್ಕಳಿಗೆ ಅಧಿಕೃತವಾಗಿ ತಿಳಿಯುತ್ತೆ.

ಬೆಂಗಳೂರು ತಲುಪಿದ ರಾತ್ರಿ ಆ ಮೇಷ್ಟ್ರಿಗೆ ವಾಟ್ಸಾಪ್ ಮಾಡಿ 25, 50, 100ರ ಚಿತ್ರ ಬರೆದು ಕಳಿಸಿದ್ದೆ, ಕನ್ನಡಿ ಸಮೇತ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಹತ್ತು ದಿನ ಬಿಟ್ಟು ಒಂದು ಫೋಟೋ ಬಂತು. ಬೋರ್ಡಿನ ಮೇಲೆ ಮೂರು ರೊಪ್ಪ, ಪಕ್ಕದಲ್ಲಿ ಯಾರೋ ಬಿಡಿಸಿದ ವಕ್ರ ಕುರಿ. ಕೆಳಗೆ ವಾಯ್ಸ್ ಮೆಸೇಜು:

"ಸರ್, ಶನಿವಾರ ಮಾಡಿಸ್ದೆ. ಒಂದು ಹುಡುಗಿ ಚೌಕ ಯಾಕೆ ಸಾ, ದುಂಡಗೆ ಕಟ್ಟಿದ್ರೆ ಅಂದ್ಲು. ಲೆಕ್ಕ ಹಾಕಿ ನೋಡಿದ್ವಿ, ಹೆಚ್ಚುಕಮ್ಮಿ 32 ಬಂತು, 25ಕ್ಕಿಂತ ಜಾಸ್ತಿ. ಆಮೇಲೆ ಇವನು, ಅದೇ ಕಿಟಕಿ ಪಕ್ಕದೋನು, ಮೂರು ಕಡೆ ಗ್ವಾಡೆ ಇದ್ರೆ ಎಷ್ಟು ಸಾ ಅಂತಿದಾನೆ. ಕ್ಲಾಸೆಲ್ಲ 200 ಅಂತಿದೆ. ನಂಗ್ಯಾಕೋ ಡೌಟು."

ನಾನೂ ಮೊದಲು 200 ಅಂತಲೇ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ಮೂರು ಗೋಡೆ ಇದ್ದರೆ 20 ಮೀಟರ್ ಬೇಲಿ ಮುಚ್ಚಬೇಕಾದ್ದು ಒಂದೇ ಬಾಯಿ. ಒಳಗೆ ಎಷ್ಟು ಜಾಗ ಅನ್ನೋದನ್ನ ಬೇಲಿ ಹೇಳೋಕೆ ಆಗೋದೇ ಇಲ್ಲ.

"ಗೋಡೆ ಎಷ್ಟುದ್ದ ಇದೆ ಅಂತ ಅವನನ್ನೇ ಕೇಳಿ ಸರ್" ಅಂತ ಬರೆದೆ.